ಸಬ್‌ನೆಟ್‌ನಲ್ಲಿ ಡಿಎಚ್‌ಸಿಪಿ ನಿಲ್ಲಿಸಿದ ಮೇಲೂ ತೊಂದರೆ ಏಕೆ?

ಪ್ರಶ್ನೆ: ನಮ್ಮ ಕಚೇರಿಯ ಹಳೆಯ ಡಿಎಚ್‌ಸಿಪಿ ಸರ್ವರ್‌ನಿಂದಲೇ (ಮಷೀನ್‌ಗಳಿಗೆ ಐಪಿ ವಿಳಾಸ ತಾನಾಗಿ ಕೊಡುವ ಸರ್ವರ್) ಓಪನ್‌ಸ್ಟ್ಯಾಕ್ ಎಂಬ ಕ್ಲೌಡ್ ತಂತ್ರಾಂಶದ ವರ್ಚುವಲ್ ಮಷೀನ್‌ಗಳಿಗೂ ಐಪಿ ಸಿಗಬೇಕು. ಸಬ್‌ನೆಟ್‌ನಲ್ಲಿ ಡಿಎಚ್‌ಸಿಪಿ ನಿಲ್ಲಿಸಿದ್ದೇನೆ. ಮಷೀನ್‌ಗೆ ಐಪಿ ಬರುತ್ತದೆ, ಪಿಂಗ್ ಮಾತ್ರ ಹೋಗುವುದಿಲ್ಲ. ಏಕೆ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೆಂಬ ಲೆಕ್ಕ ನನಗೇ ತಪ್ಪಿದೆ. ನಿಮ್ಮ ಪ್ರೊವೈಡರ್ ನೆಟ್‌ವರ್ಕ್, ಅಂದರೆ ಮಷೀನ್‌ಗಳನ್ನು ಕಚೇರಿಯ ಭೌತಿಕ ಜಾಲಕ್ಕೆ ನೇರ ಸೇರಿಸುವ ನೆಟ್‌ವರ್ಕ್, ಸರಿಯಾಗಿದೆ ಎಂದೇ ಇಟ್ಟುಕೊಳ್ಳುತ್ತೇನೆ. ತೊಡಕಿರುವುದು ಡಿಎಚ್‌ಸಿಪಿ ನಿಲ್ಲಿಸಿದರೆ ಓಪನ್‌ಸ್ಟ್ಯಾಕ್‌ನ ನೆಟ್‌ವರ್ಕ್ ಸೇವೆಯಾದ ನ್ಯೂಟ್ರಾನ್ ವಿಳಾಸ ಹಂಚುವುದನ್ನೂ ನಿಲ್ಲಿಸುತ್ತದೆ ಎಂಬ ನಂಬಿಕೆಯಲ್ಲಿ.

ಅದು ನಿಲ್ಲಿಸುವುದಿಲ್ಲ. ಪೋರ್ಟ್ (ಮಷೀನ್ ನೆಟ್‌ವರ್ಕ್‌ಗೆ ಸೇರುವ ವರ್ಚುವಲ್ ಕೊಂಡಿ) ಸೃಷ್ಟಿಯಾಗುವಾಗಲೇ, ಅಂದರೆ ಮಷೀನ್ ಬೂಟ್ ಆಗುವುದಕ್ಕೂ ಮೊದಲೇ, ನ್ಯೂಟ್ರಾನ್ ಸಬ್‌ನೆಟ್‌ನಿಂದ ಒಂದು ಐಪಿಯನ್ನು ಆರಿಸಿ ಆ ಪೋರ್ಟ್‌ನ ಮ್ಯಾಕ್ (ಹಾರ್ಡ್‌ವೇರ್) ವಿಳಾಸದೊಂದಿಗೆ ತನ್ನ ಡೇಟಾಬೇಸ್‌ನಲ್ಲಿ ಬರೆದಿಡುತ್ತದೆ. ಡಿಎಚ್‌ಸಿಪಿ ಏಜೆಂಟ್ ನಡೆಸುವ ಡಿಎನ್‌ಎಸ್‌ಮಾಸ್ಕ್ ಎಂಬ ಪ್ರೋಗ್ರಾಂ ಅದನ್ನು ಮಷೀನ್‌ಗೆ ತಲುಪಿಸುವ ಅಂಚೆಯವನು ಮಾತ್ರ. ನಿವೇಶನ ಮಂಜೂರಾತಿಯ ಪತ್ರ ತಂದವನನ್ನು ಗೇಟಿನಲ್ಲೇ ತಡೆದರೆ ಮಂಜೂರಾತಿ ರದ್ದಾದೀತೇ? ನಿಮ್ಮ ನಿವೇಶನ ಯಾವುದೆಂದು ನಿಮಗೆ ತಿಳಿಯದೆ ಹೋಗುತ್ತದೆ, ಅಷ್ಟೇ.

ನ್ಯೂಟ್ರಾನ್ ಬರೆದುಕೊಂಡದ್ದು 10.20.0.57, ಹೊರಗಿನ ಸರ್ವರ್ ಕೊಟ್ಟದ್ದು 10.20.0.112 ಎನ್ನಿ. ಬರೆದುಕೊಂಡ ವಿಳಾಸದ ಪ್ಯಾಕೆಟ್‌ಗಳನ್ನಷ್ಟೇ ಹೊರಬಿಡುವ ನ್ಯೂಟ್ರಾನ್‌ನ ಕಾವಲು, ಅಂದರೆ ಪೋರ್ಟ್ ಸೆಕ್ಯುರಿಟಿಯ ದೃಷ್ಟಿಯಲ್ಲಿ, 112ರಿಂದ ಹೊರಡುವ ಪ್ರತಿ ಪ್ಯಾಕೆಟ್ಟೂ ವೇಷ ಮರೆಸಿಕೊಂಡು ಬಂದದ್ದು. ಅದು ಅವನ್ನು ಸದ್ದಿಲ್ಲದೆ ಕೆಡವುತ್ತದೆ. ಆದ್ದರಿಂದ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಿಡಿದು ರಾತ್ರಿಯಿಡೀ ಕೂರುವ ಮೊದಲು ದಯವಿಟ್ಟು ಈ ಎರಡು ವಿಳಾಸಗಳನ್ನು ಹೋಲಿಸಿ ನೋಡಿ.

ಪರಿಹಾರವೆಂದರೆ ಎರಡೂ ಕಡೆಯ ಲೆಕ್ಕವನ್ನು ಒಂದಾಗಿಸುವುದು: ಮೊದಲು ಪೋರ್ಟ್ ಸೃಷ್ಟಿಸಿ, ಅದರ ಮ್ಯಾಕ್ ಮತ್ತು ಐಪಿಯನ್ನು ಓದಿಕೊಂಡು, ಹೊರಗಿನ ಸರ್ವರ್‌ನಲ್ಲಿ ಅದೇ ಜೋಡಿಯನ್ನು ರಿಸರ್ವೇಶನ್ ಆಗಿ (ಈ ಮ್ಯಾಕ್‌ಗೆ ಈ ಐಪಿಯೇ ಎಂದು ಕಾಯ್ದಿರಿಸಿ) ಸೇರಿಸಿ, ಆಮೇಲೆ ಮಷೀನ್ ಆರಂಭಿಸಿ. ಪೋರ್ಟ್ ಸೆಕ್ಯುರಿಟಿಯನ್ನೇ ತೆಗೆದರೂ ಪಿಂಗ್ ಹೋಗುತ್ತದೆ, ನಿಜ. ಆದರೆ ಅದರೊಂದಿಗೆ ಸೆಕ್ಯುರಿಟಿ ಗ್ರೂಪ್‌ಗಳ (ಫೈರ್‌ವಾಲ್ ನಿಯಮಗಳ) ರಕ್ಷಣೆಯೂ ಹೋಗುತ್ತದೆ, ಡ್ಯಾಶ್‌ಬೋರ್ಡ್ ತೋರಿಸುವ ಐಪಿಯೂ ಸುಳ್ಳಾಗುತ್ತದೆ. ಡಿಎಚ್‌ಸಿಪಿ ಸರ್ವರ್ ಓಪನ್‌ಸ್ಟ್ಯಾಕ್‌ನೊಳಗಿನ ಮಷೀನ್‌ನಲ್ಲೇ ಇದ್ದರೆ ಮಾತ್ರ ಆ ಒಂದು ಪೋರ್ಟ್‌ನಲ್ಲಿ ಪೋರ್ಟ್ ಸೆಕ್ಯುರಿಟಿಯನ್ನು ತೆಗೆಯಲೇಬೇಕು, ಏಕೆಂದರೆ ಸಾಮಾನ್ಯ ಮಷೀನ್ ಡಿಎಚ್‌ಸಿಪಿ ಸರ್ವರ್‌ನ ಪೋರ್ಟ್ ಸಂಖ್ಯೆಯಾದ ಯುಡಿಪಿ 67ರಿಂದ ಉತ್ತರ ಕೊಡುವುದನ್ನು ನ್ಯೂಟ್ರಾನ್ ತಡೆಯುತ್ತದೆ.

ನೀವು ಕೇಳದಿದ್ದರೂ ನಾಳೆ ಕೇಳುವಿರಿ: ಮಷೀನ್‌ಗೆ ಲಾಗಿನ್ ಆಗಲು ಬೇಕಾದ ಎಸ್‌ಎಸ್‌ಎಚ್ ಕೀ ಅದರೊಳಗೆ ಏಕೆ ಬರಲಿಲ್ಲ? ಭೌತಿಕ ರೌಟರ್ ಇರುವ ಪ್ರೊವೈಡರ್ ನೆಟ್‌ವರ್ಕ್‌ನಲ್ಲಿ 169.254.169.254ಕ್ಕೆ, ಅಂದರೆ ಮಷೀನ್‌ಗೆ ಕೀಯಂಥ ವಿವರ ಒದಗಿಸುವ ಮೆಟಾಡೇಟಾ ಸೇವೆಗೆ, ದಾರಿ ತೋರಿಸುತ್ತಿದ್ದುದು ಡಿಎಚ್‌ಸಿಪಿಯ 121ನೇ ಆಪ್ಶನ್. ನೀವು ಮನೆಗೆ ಕಳುಹಿಸಿದ ಅಂಚೆಯವನೇ ಅದನ್ನೂ ಹೊತ್ತು ತರುತ್ತಿದ್ದ. ಅಂಥಲ್ಲಿ ಮಷೀನ್ ಸೃಷ್ಟಿಸುವಾಗಲೇ ಕಾನ್ಫಿಗ್ ಡ್ರೈವ್ (ಅದೇ ವಿವರಗಳಿರುವ ಚಿಕ್ಕ ಡಿಸ್ಕ್) ಜೋಡಿಸಿ. ಮೊದಲ ಬೂಟ್‌ನಲ್ಲಿ ಮಷೀನನ್ನು ಸಜ್ಜುಗೊಳಿಸುವ ಕ್ಲೌಡ್-ಇನಿಟ್, ನೆಟ್‌ವರ್ಕ್‌ನ ಹಂಗಿಲ್ಲದೆ ಕೀಯನ್ನು ಅದರಿಂದಲೇ ಓದಿಕೊಳ್ಳುತ್ತದೆ.