ಮೂರಾಣೆಯ ಲೆಕ್ಕ ಲೋಕಸಭೆಗೆ ಬಂದದ್ದು ಹೇಗೆ?

1963ರ ಆಗಸ್ಟ್‌ನಲ್ಲಿ ನೆಹರೂ ಸರ್ಕಾರದ ಮೇಲೆ ಆಚಾರ್ಯ ಕೃಪಲಾನಿ ಅವಿಶ್ವಾಸ ನಿರ್ಣಯ ಮಂಡಿಸಿದರು. ಲೋಕಸಭೆಯ ಮಟ್ಟಿಗೆ ಅದೇ ಮೊದಲನೆಯದು. ಚೀನಾ ಯುದ್ಧದಲ್ಲಿ ಸೋತು ಇನ್ನೂ ವರ್ಷ ತುಂಬಿರಲಿಲ್ಲ. ಗಡಿಯ ಮಾತೇ ಜಾಸ್ತಿ ಇರಬೇಕಾದ ಹೊತ್ತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಮಾತ್ರ ಬಡವರ ಜೇಬಿನ ಲೆಕ್ಕ ತೆಗೆದರು.

ಫರೂಕಾಬಾದ್ ಉಪಚುನಾವಣೆ ಗೆದ್ದು ಅದೇ ವರ್ಷ ಅವರು ಸದನಕ್ಕೆ ಬಂದಿದ್ದರು. ವಿದೇಶಾಂಗ ವಿಷಯ ಅವರಿಗೆ ಹೊಸದೇನಲ್ಲ. 1936ರಲ್ಲಿ ಕಾಂಗ್ರೆಸ್‌ನ ವಿದೇಶಾಂಗ ವಿಭಾಗವನ್ನು ಅವರಿಗೆ ಒಪ್ಪಿಸಿದ್ದೇ ನೆಹರೂ. ಆಮೇಲೆ ಟಿಬೆಟ್ ವಿಷಯದಲ್ಲಿ ಅದೇ ನೆಹರೂ ಅವರ ನೀತಿಯನ್ನು ಲೋಹಿಯಾ ಕಟುವಾಗಿ ಟೀಕಿಸಿದರು. ಟಿಬೆಟ್‌ಗೆ ಚೀನಾ ನುಗ್ಗಿದ್ದನ್ನು ಶಿಶುಹತ್ಯೆ ಎಂದರು. ಹಾಗಂತ ಗಡಿ ಬೇರೆ, ಗದ್ದೆ ಬೇರೆ ಅಂತ ಅವರು ನೋಡಿದವರಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರ ಹೋರಾಟಕ್ಕೆಂದು ನಮ್ಮ ಸಾಗರದ ಕಡೆ ಬಂದು ಬಂಧನಕ್ಕೊಳಗಾದವರೂ ಅವರೇ ಅಲ್ವಾ?

ಸದನದಲ್ಲಿ ಅವರು ಹೇಳಿದ್ದಿಷ್ಟು: 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ, ಪ್ರಧಾನಿಗಾಗಿ ದಿನಕ್ಕೆ 25,000 ರೂಪಾಯಿ ಖರ್ಚಾಗುತ್ತಿದೆ. ಹದಿನಾರಾಣೆ ಸೇರಿದರೆ ಒಂದು ರೂಪಾಯಿ. ರೂಪಾಯಿಗೆ ನೂರರ ಲೆಕ್ಕದ ನಯಾ ಪೈಸೆ ಬಂದು ಆರು ವರ್ಷವಾಗಿತ್ತು, ಆದರೂ ಜನರ ಬಾಯಲ್ಲಿ ಆಣೆಯೇ ಓಡಾಡುತ್ತಿತ್ತು. ಮೂರಲ್ಲ, ಹದಿನೈದಾಣೆ ಎಂದರು ನೆಹರೂ. ಅದು ಇಡೀ ದೇಶದ ಸರಾಸರಿ. ಸಿರಿವಂತರ ಆದಾಯವನ್ನೂ ಸೇರಿಸಿ ಭಾಗಿಸಿದರೆ ಬಡವನ ಪಾಲು ಸುಮ್ನೆ ಉಬ್ಬಿ ಕಾಣುತ್ತದೆ. ಕೆಳಗಿನ ಶೇ 60 ಜನರನ್ನು, ಅಂದರೆ ಆ 27 ಕೋಟಿಯನ್ನು, ಬೇರೆಯಾಗಿ ಲೆಕ್ಕ ಹಾಕಿ ಅನ್ನುವುದೇ ಲೋಹಿಯಾ ಪಟ್ಟು. ಮೂರಾಣೆ ತೀರಾ ಕಡಿಮೆಯಾಯಿತು ಅಂತ ವಾದಿಸಬಹುದು. ಆದರೆ ಯಾರ ಸರಾಸರಿ ಅನ್ನುವ ಪ್ರಶ್ನೆ ಮಾತ್ರ ಸರಿಯಾಗಿಯೇ ಇತ್ತು.

ನಿರ್ಣಯವೇನೋ ಬಿದ್ದುಹೋಯಿತು. ಪರವಾಗಿ 62, ವಿರುದ್ಧ 347 ಮತ. ಮರುವರ್ಷ ಅಮೆರಿಕದ ಜಾಕ್ಸನ್‌ನಲ್ಲಿ ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಹೋಟೆಲಿಗೆ ಹೋಗಿ ಲೋಹಿಯಾ ಬಂಧನಕ್ಕೊಳಗಾದರು. ಅಲ್ಲಿನ ಸರ್ಕಾರ ವಿಷಾದ ಹೇಳಬೇಕಾಯಿತು.

1967ರಲ್ಲಿ ಅವರು ತೀರಿಕೊಂಡರು. 1971ರಲ್ಲಿ ದಾಂಡೇಕರ್ ಮತ್ತು ರಥ್ ಎಂಬ ಅರ್ಥಶಾಸ್ತ್ರಜ್ಞರು 1960–61ರ ಅಂಕಿಅಂಶ ಹಿಡಿದು ಕೂತರು. ಹಳ್ಳಿಗಳಲ್ಲಿ ಶೇ 40, ಪಟ್ಟಣಗಳಲ್ಲಿ ಶೇ 50ರಷ್ಟು ಜನರಿಗೆ ಹೊಟ್ಟೆಗೆ ಬೇಕಾದಷ್ಟು ಕೊಳ್ಳುವ ಶಕ್ತಿಯೇ ಇರಲಿಲ್ಲ ಎಂದು ಅವರ ಲೆಕ್ಕ ಹೇಳಿತು.