ಶಾಸನ, ಸ್ಮಾರಕ, ಗ್ರಾಮ: ಮೂರು ಪಟ್ಟಿ ಕೂಡಿಸುವ ಹ್ಯಾಕಥಾನ್

ಕೋಲಾರ ಸೀಮೆಯ ಪರಂಪರೆಯ ಮೇಲೆ ಎರಡು ದಿನದ ಹ್ಯಾಕಥಾನ್ (ತಂಡಗಳು ಒಟ್ಟಿಗೆ ಕೂತು ಕಂಪ್ಯೂಟರ್ ಕೆಲಸ ಮಾಡುವ ಕೂಟ) ನಡೆಸುವವರು ಮೊದಲ ದಿನವೇ ಆ್ಯಪ್ ಕಟ್ಟಲು ಕೂರಬಾರದು. ಆ ದಿನ ಪೂರ್ತಿ ಊರಿನ ಹೆಸರು ಹೊಂದಿಸುವುದಕ್ಕೇ ಬೇಕು. ಶಾಸನಗಳ ಪಟ್ಟಿ, ಸಂರಕ್ಷಿತ ಸ್ಮಾರಕಗಳ ಪಟ್ಟಿ, ಜನಗಣತಿಯ ಗ್ರಾಮಪಟ್ಟಿ ಈ ಮೂರಕ್ಕೂ ಇರುವ ಕೊಂಡಿ ಊರು ಒಂದೇ. ಅದು ತಪ್ಪಿದರೆ ನಕಾಶೆ ಎಷ್ಟೇ ಚೆನ್ನಾಗಿ ಮೂಡಿದರೂ ಸಂಶೋಧಕರ ಉಪಯೋಗಕ್ಕೆ ಬರುವುದಿಲ್ಲ.

ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಕೋಲಾರ ಸಂಪುಟ 1905ರದು. ಅದರಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಕೊಟ್ಟಿದೆ, ಆದರೆ ಆ ತಾಲ್ಲೂಕುಗಳು ಈಗಿನವಲ್ಲ. ಅಲ್ಲಿನ ಬೌರಿಂಗ್‌ಪೇಟೆ ಇಂದಿನ ಬಂಗಾರಪೇಟೆ. ಅದರಿಂದ ಕೆಜಿಎಫ್ ತಾಲ್ಲೂಕು ಕೂಡ ಬೇರೆಯಾಗಿದೆ. ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ, ಗೌರಿಬಿದನೂರು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದವು. ನಂದಿಯ ಭೋಗನಂದೀಶ್ವರ ದೇವಸ್ಥಾನದ ಶಾಸನಗಳು ಕೋಲಾರ ಸಂಪುಟದಲ್ಲಿವೆ, ದೇವಸ್ಥಾನ ಇರುವುದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ. ಜಿಲ್ಲೆಯ ಹೆಸರು ಹಿಡಿದು ಕೂಡಿಸಿದರೆ ಎರಡೂ ಒಂದಾಗುವುದೇ ಇಲ್ಲ. ಆದ್ದರಿಂದ ಮೂಲದ ತಾಲ್ಲೂಕಿಗೆ ಒಂದು ಕಾಲಂ, ಈಗಿನದಕ್ಕೆ ಇನ್ನೊಂದು. ಮೂಲದ ಕಾಲಂ ಯಾರೂ ತಿದ್ದಕೂಡದು.

ಹೆಸರು ಹೊಂದಿಸುವಾಗ ಕಂಪ್ಯೂಟರ್ ಎಡವುವುದು ಇಲ್ಲಿ: ‘ಕೋ’ದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ‘ಕೋಲಾರ’ವೇ, ಯಂತ್ರಕ್ಕೆ ಎರಡು ಬೇರೆ ಊರು. ಮೊದಲು ಎಲ್ಲವನ್ನೂ ಎನ್‌ಎಫ್‌ಸಿ ಎಂಬ, ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ರೂಪಕ್ಕೆ ತಂದು, ಕಾಣದೆ ಕೂತಿರುವ, ಅಕ್ಷರ ಕೂಡಿಸುವ-ಬಿಡಿಸುವ ಗುರುತುಗಳಾದ ಜೀರೋ ವಿಡ್ತ್ ಜಾಯ್ನರ್, ನಾನ್‌ಜಾಯ್ನರ್‌ಗಳನ್ನು ಹೋಲಿಕೆಗೆ ಬಳಸುವ ಪ್ರತಿಯಿಂದ ತೆಗೆಯಬೇಕು. ಹಳೆಯ ನುಡಿ ಫಾಂಟಿನ ಕಡತಗಳನ್ನು ಯೂನಿಕೋಡ್‌ಗೆ ಬದಲಿಸಿದ ಮೇಲೆ ಒತ್ತಕ್ಷರಗಳನ್ನು ಕಣ್ಣಾರೆ ನೋಡಲೇಬೇಕು.

ಅಷ್ಟಾದರೂ ಗಡಿ ತಾಲ್ಲೂಕುಗಳಲ್ಲಿ ಒಂದೇ ಊರು ಒಂದು ಕಡತದಲ್ಲಿ ‘ಹಳ್ಳಿ’, ಇನ್ನೊಂದರಲ್ಲಿ ‘ಪಲ್ಲಿ’. ಹೊಸಹಳ್ಳಿಗಳಂತೂ ಹೆಜ್ಜೆಗೊಂದು. ಓಪನ್‌ರಿಫೈನ್ ಎಂಬ ತಂತ್ರಾಂಶ ಹತ್ತಿರದ ಹೆಸರುಗಳನ್ನು ಗುಂಪು ಮಾಡಿ ತೋರಿಸುತ್ತದೆ. ಒಪ್ಪಿಗೆಯ ಗುಂಡಿಯನ್ನು ಹೋಬಳಿ ಬಲ್ಲವರೇ ಒತ್ತಬೇಕು. ಒಪ್ಪಿದ ಮೇಲೆ 2011ರ ಜನಗಣತಿಯ ಗ್ರಾಮಸಂಕೇತವನ್ನು ಸಾಲಿಗೆ ಸೇರಿಸಿ. ಮುಂದಿನ ಜೋಡಣೆಯೆಲ್ಲ ಆ ಸಂಕೇತದ ಮೇಲೆ, ಹೆಸರಿನ ಮೇಲಲ್ಲ. ಬೇಚರಾಕ್ (ಜನವಸತಿ ಇಲ್ಲದ) ಗ್ರಾಮಗಳನ್ನು ಬಿಡಬೇಡಿ. ಜನ ಹೋದರೂ ಕಲ್ಲು ಅಲ್ಲೇ ಇರುತ್ತದೆ.

ಸ್ಥಾನ ಬರೆಯುವಾಗ ಆಗುವ ತಪ್ಪು ಇನ್ನೂ ದೊಡ್ಡದು. 13 ಡಿಗ್ರಿ 20 ನಿಮಿಷ ಎಂದರೆ 13.333. ಅದನ್ನು 13.20 ಎಂದು ತುಂಬಿದರೆ ಗುರುತು ದಕ್ಷಿಣಕ್ಕೆ ಸುಮಾರು 15 ಕಿ.ಮೀ. ಜರುಗುತ್ತದೆ, ಅಂದರೆ ಎಷ್ಟೋ ಸಲ ಬೇರೆ ತಾಲ್ಲೂಕಿಗೇ. ಕ್ಯೂಜಿಐಎಸ್ ಎಂಬ ನಕಾಶೆ ತಂತ್ರಾಂಶದಲ್ಲಿ ಎಕ್ಸ್ ರೇಖಾಂಶ, ವೈ ಅಕ್ಷಾಂಶ. ಅದಲುಬದಲಾದರೆ ಮುಳಬಾಗಿಲು ಆರ್ಕ್‌ಟಿಕ್ ಕಡೆಗೆ ಹೋಗುತ್ತದೆ, ಆದರೆ ಆ ತಪ್ಪು ತಕ್ಷಣ ಕಾಣುತ್ತದೆ. 15 ಕಿ.ಮೀ. ತಪ್ಪು ಕಾಣುವುದಿಲ್ಲ.

ವೀರಗಲ್ಲುಗಳನ್ನು ವಸ್ತುಸಂಗ್ರಹಾಲಯಕ್ಕೋ ದೇವಸ್ಥಾನದ ಅಂಗಳಕ್ಕೋ ಸಾಗಿಸಿರುತ್ತಾರೆ, ಹಾಗಾಗಿ ಸಿಕ್ಕ ಜಾಗ, ಈಗಿನ ಜಾಗ ಎರಡೂ ಬೇಕು. ಶಕ ವರ್ಷಕ್ಕೆ 78 ಕೂಡಿಸಿ ನಿಲ್ಲಿಸದೆ ಶಕ 1000 ಎಂದರೆ ಕ್ರಿ.ಶ. 1078–79 ಎಂದು ವ್ಯಾಪ್ತಿಯಾಗಿ ಇಡಿ, ಜೊತೆಗೆ ಮೂಲದ ಸಂವತ್ಸರವನ್ನೂ. ಭಾಷೆಯ ಕಾಲಂ ಕಡ್ಡಾಯ. ಚೋಳರ ಕಾಲದ ತಮಿಳು ಶಾಸನಗಳು ಇಲ್ಲಿ ಕಡಿಮೆಯಲ್ಲ.

ತಂಡಕ್ಕೆ ಐದು ಜನ ಸಾಕು: ಹಳಗನ್ನಡ ಲಿಪಿ ಓದಬಲ್ಲವರು, ಊರು ಬಲ್ಲವರು, ನಕಾಶೆಯವರು, ಪ್ರೋಗ್ರಾಮರ್, ತಪ್ಪು ಹಿಡಿಯುವುದಕ್ಕೇ ಒಬ್ಬರು. ಒಂದು ತಂಡಕ್ಕೆ ಒಂದೇ ಹೋಬಳಿ. ಪ್ರತಿ ಸಾಲಿಗೂ ‘ಖಚಿತ’, ‘ಇರಬಹುದು’, ‘ಸಿಕ್ಕಿಲ್ಲ’ ಎಂಬ ಗುರುತು ಇರಲಿ. ‘ಸಿಕ್ಕಿಲ್ಲ’ ಸಾಲುಗಳನ್ನು ಅಳಿಸದೆ, ಪಂಚಾಯಿತಿವಾರು ಮುದ್ರಿಸಿ, ಆಯಾ ಗ್ರಾಮ ಆಡಳಿತಾಧಿಕಾರಿಗೂ ಊರಿನ ಶಾಲೆಗೂ ತಲುಪಿಸಿ. ಸರ್ವೆ ನಂಬರ್ ಸಿಕ್ಕರೆ ಅದನ್ನು ಬರೆಯಲು ಹಾಳೆಯಲ್ಲಿ ಒಂದು ಖಾಲಿ ಕಾಲಂ ಬಿಟ್ಟಿರಬೇಕು.