ಧಾತುವಿನಿಂದ ಕರುಳಿನವರೆಗೆ

ಮೊನ್ನೆ ಸಂಜೆ ಮಂಗಳೂರಿನ ಹಂಪನಕಟ್ಟೆಯ ಮೆಡಿಕಲ್ ಶಾಪಿನಲ್ಲಿ ನಲವತ್ತೈದರ ಆಸುಪಾಸಿನ ಗಂಡಸೊಬ್ಬರು ಮೂಲೆಯಲ್ಲಿ ಕಾಯುತ್ತಿದ್ದರು. ಇಬ್ಬರು ಹೆಂಗಸರು ಹೊರಟ ಮೇಲೆ ಮೊಬೈಲಿನಲ್ಲಿದ್ದ, ಕರುಳಿಗೆ ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ ಕ್ಯಾಪ್ಸೂಲಿನ ಚಿತ್ರ ತೋರಿಸಿ ಮೆಲ್ಲ ಕೇಳಿದರು: “ಈ ಪ್ರೊಬಯಾಟಿಕ್ ಉಂಟಾ? ಶಕ್ತಿಗೆ ಒಳ್ಳೆಯದಂತೆ.”

ಅವರು ಕೇಳಿದ್ದು ಯಾವ ಶಕ್ತಿಯೆಂದು ಅಂಗಡಿಯವರಿಗೆ ಅರ್ಥವಾಯಿತು. “ಶುಗರ್, ಬಿಪಿ ನೋಡಿಸಿದ್ದೀರಾ?” ಎಂದರು. “ಅದಕ್ಕೂ ಇದಕ್ಕೂ ಎಂತ ಸಂಬಂಧ?” ಎಂದರು ಇವರು.

ಹೊಟ್ಟೆಗೂ ಗಂಡಸುತನಕ್ಕೂ ನಂಟು ಹುಡುಕಿದ್ದು ಇವತ್ತಿನವರಲ್ಲ. ದೇಹವನ್ನು ಕಟ್ಟುವವೆಂದು ಆಯುರ್ವೇದ ಹೇಳುವ ಏಳು ಧಾತುಗಳಲ್ಲಿ ಶುಕ್ರ, ಅಂದರೆ ವೀರ್ಯ, ಕೊನೆಯದು. ಉಂಡದ್ದು ಜೀರ್ಣವಾಗಿ ರಸ, ರಕ್ತ, ಮಾಂಸ ಎಂದು ಒಂದೊಂದೇ ಹಂತ ದಾಟಿ ಅಲ್ಲಿಗೆ ಮುಟ್ಟಬೇಕು. ಈ ನಂಬಿಕೆಯ ಜೊತೆಗೇ ‘ಧಾತು ಹೋಗುತ್ತದೆ’ ಎಂಬ ಭಯವೂ ಬೆಳೆಯಿತು. 1960ರಲ್ಲಿ ಮನೋವೈದ್ಯ ಎನ್.ಎನ್. ವಿಗ್ ಅದಕ್ಕೆ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ನಿಮಿರುವಿಕೆಯ ತೊಂದರೆ ಹೆಚ್ಚಾಗಿ ಮನಸ್ಸಿನದ್ದೇ ಎಂದು ಆ ಕಾಲದ ವೈದ್ಯರೂ ನಂಬಿದ್ದರು.

1998ರಲ್ಲಿ ಅಮೆರಿಕದಲ್ಲಿ ನಿಮಿರುವಿಕೆಯ ಮಾತ್ರೆ ವಯಾಗ್ರಾಕ್ಕೆ ಒಪ್ಪಿಗೆ ಸಿಕ್ಕಿತು. ನಿಮಿರುವಿಕೆಗೆ ರಕ್ತ ಹರಿಯುವಂತೆ ರಕ್ತನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡಿನ ಸಂಶೋಧನೆಗೆ ಅದೇ ವರ್ಷ ಮೂವರಿಗೆ ನೊಬೆಲ್ ಬಂತು. ಶಿಶ್ನದ ರಕ್ತನಾಳ ಒಂದೆರಡು ಮಿಲಿಮೀಟರ್ ಅಗಲ, ಹೃದಯದ್ದು ಮೂರು–ನಾಲ್ಕು. ನಾಳಗಳು ಕೆಡತೊಡಗಿದರೆ ಸಪೂರದ್ದು ಮೊದಲು ಸೋಲುತ್ತದೆ. ಎದೆನೋವು ಬರುವ ಕೆಲವು ವರ್ಷ ಮೊದಲೇ ಹಾಸಿಗೆಯಲ್ಲಿ ಸೂಚನೆ ಸಿಕ್ಕಿರಬಹುದು. ಸಕ್ಕರೆ ಕಾಯಿಲೆಯಂತೂ ನಾಳ, ನರ ಎರಡನ್ನೂ ಹಾಳುಮಾಡುತ್ತದೆ. ಅಂಗಡಿಯವರ ಪ್ರಶ್ನೆ ಎಷ್ಟು ಸರಿಯಾಗಿತ್ತು!

ಕರುಳಿನ ಬ್ಯಾಕ್ಟೀರಿಯಾ ಈ ಕತೆಗೆ ಬಂದದ್ದು ಆಮೇಲೆ. ಮೊಟ್ಟೆ, ಮಾಂಸದಲ್ಲಿರುವ ಕೋಲೀನ್ ಎಂಬ ಪೋಷಕಾಂಶವನ್ನು ಅವು ಒಡೆಯುತ್ತವೆ, ಅದರಿಂದ ಹುಟ್ಟಿದ್ದನ್ನು ಯಕೃತ್ತು ಟಿಎಂಎಓ ಎಂಬ ರಾಸಾಯನಿಕವಾಗಿ ಮಾರ್ಪಡಿಸುತ್ತದೆ. ಅದು ಇಲಿಗಳ ರಕ್ತನಾಳಕ್ಕೆ ಕೇಡು ಎಂದು 2011ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಸಂಶೋಧಕ ಸ್ಟಾನ್ಲಿ ಹೇಜನ್ ತಂಡ ತೋರಿಸಿತು. 2013ರಲ್ಲಿ ಗಂಡಿಲಿಯ ಕರುಳಿನ ಬ್ಯಾಕ್ಟೀರಿಯಾವನ್ನು ಎಳೆಯ ಹೆಣ್ಣಿಲಿಗಳಿಗೆ ಹಾಕಿದಾಗ ಅವುಗಳಲ್ಲಿ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನು ಏರಿತು. 2016ರಲ್ಲಿ ಆಸ್ಟ್ರೇಲಿಯಾದ ವೈದ್ಯ ಕೆಲ್ಟನ್ ಟ್ರೆಮೆಲೆನ್ ಒಂದು ವಾದ ಮುಂದಿಟ್ಟರು: ಕೊಬ್ಬಿನ ಊಟ, ಬೊಜ್ಜಿನಿಂದ ಕರುಳಿನ ಗೋಡೆ ಸೋರತೊಡಗುತ್ತದೆ, ಬ್ಯಾಕ್ಟೀರಿಯಾದ ವಿಷ ರಕ್ತ ಸೇರುತ್ತದೆ, ಉರಿಯೂತಕ್ಕೆ ಸಿಕ್ಕಿದ ವೃಷಣ ಆ ಹಾರ್ಮೋನನ್ನು ಕಡಿಮೆ ಮಾಡುತ್ತದೆ. ನನಗೆ ಇದು ನಂಬಬಹುದಾದ ದಾರಿಯಾಗಿ ಕಾಣುತ್ತದೆ, ಆದರೆ ವಾದ ಇನ್ನೂ ವಾದವೇ.

ಇಲಿಯಿಂದ ಮನುಷ್ಯನಿಗೆ ನೇರ ಜಿಗಿಯುವವರು ನಮ್ಮ ಕರಾವಳಿಯ ಊಟವನ್ನು ಒಮ್ಮೆ ನೋಡಬೇಕು. ಸಮುದ್ರದ ಮೀನಿನಲ್ಲಿ ಟಿಎಂಎಓ ಮೊದಲೇ ಇರುತ್ತದೆ. ಕುಚ್ಚಲಕ್ಕಿ ಅನ್ನಕ್ಕೆ ಬಂಗುಡೆ ಗಸಿ ಬಡಿಸಿಕೊಂಡು ಉಂಡವರ ರಕ್ತದಲ್ಲೂ ಅದು ಸ್ವಲ್ಪ ಹೊತ್ತು ಏರುತ್ತದೆ. ಹಾಗೆಂದು ಮೀನು ತಿನ್ನುವವರ ಹೃದಯ ಬೇಗ ಕೆಡುತ್ತದೆ ಎಂದು ಕಂಡುಬಂದಿಲ್ಲ. ಒಂದು ರಾಸಾಯನಿಕದ ಲೆಕ್ಕವೇ ಇಷ್ಟು ತೊಡಕಾಗಿರುವಾಗ, ನಾಲ್ಕಾರು ಬಗೆಯ ಬ್ಯಾಕ್ಟೀರಿಯಾ ತುಂಬಿದ ಕ್ಯಾಪ್ಸೂಲನ್ನು ನಂಬಿ ಶುಗರ್ ಪರೀಕ್ಷೆ ಮುಂದೂಡುವುದು ನನಗೆ ಕಳವಳದ ಸಂಗತಿ.

ಆ ಸಂಜೆ ಅವರು ಕ್ಯಾಪ್ಸೂಲನ್ನೇ ಕೊಂಡು, ಬಿಲ್ ಬೇಡ ಎಂದು ಹೊರಟರು.